ಯಾರೂ ವಾಸವಿಲ್ಲದ ಮನೆಯ ಏಳು ಚೀಲ

ಎರಡು ಲಕೋಟೆ ಒಂದೇ ದಿನ ಬಂದವು, ಎರಡೂ ಚಳಿಗಾಲದ ನೆರವು ಕಚೇರಿಯಿಂದ. ಒಂದು ಮೇಲಿನ ಮನೆಯ ಟೈಲರಮ್ಮನಿಗೆ, ಇನ್ನೊಂದು ಕೆಳಗಿನ ಮನೆಯ ಕಂಡಕ್ಟರಣ್ಣನಿಗೆ. ಕಂಡಕ್ಟರಣ್ಣ ಅಂದರೆ ಈಗ ಬಸ್ಸಿನಲ್ಲಿಲ್ಲ, ನಿವೃತ್ತರಾಗಿ ಆರು ವರ್ಷವಾಯಿತು. ಆದರೆ ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತವರು ಮನೆಯ ಬಾಗಿಲಲ್ಲೂ ಹಾಗೇ ನಿಲ್ಲುತ್ತಿದ್ದರು, ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಬಂದವರನ್ನು ಒಳಗೆ ತಳ್ಳುತ್ತಾ.

"ಟೈಲರ್ ತಂಗೀ, ನಿಂಗೊಂದು, ನಂಗೊಂದು. ಯಾರದ್ದು ಮೊದಲು?"

"ನಿಮ್ಮದೇ ಒಡೀರಿ ಅಣ್ಣ. ನನ್ನ ಕೈಯಲ್ಲಿ ಸೂಜಿ ಇದೆ."

ಟೈಲರಮ್ಮ ಆಗ ಕೆಳಗಿನ ಮನೆಯಲ್ಲೇ ಇದ್ದಳು, ಅವರ ಕಿಟಕಿಯ ಪಕ್ಕ ತನ್ನ ಹೊಲಿಗೆ ಯಂತ್ರ ಹಾಕಿಕೊಂಡು, ಯಾರದೋ ಕೋಟಿನ ತೋಳು ಗಿಡ್ಡ ಮಾಡುತ್ತಾ. ಹೀಟರಿನ ಪಕ್ಕದ ಕುರ್ಚಿಯಲ್ಲಿ ಅವಳ ಅತ್ತೆ, ಎರಡು ಸ್ವೆಟರ್ ಒಂದು ಶಾಲಿನೊಳಗೆ ಮೂಗು ಮಾತ್ರ ಹೊರಗೆ ಬಿಟ್ಟುಕೊಂಡು. ನಡುವಿನ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದವಳು ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು.

ಒಂದರ ಮೇಲೊಂದು ಮೂರು ಮನೆಯಿರುವ ಆ ಕಟ್ಟಡದಲ್ಲಿ ಎಲ್ಲರೂ ಕೆಳಗಿನ ಮನೆಯಲ್ಲೇ ಯಾಕೆ ಕೂತಿದ್ದರು ಅಂದರೆ, ಅದು ಹೋದ ಚಳಿಗಾಲದಲ್ಲಿ ಮಾಡಿಕೊಂಡ ಏರ್ಪಾಡು. ಕರೆಂಟಿನ ದರ ಏರಿದಾಗ ಮೂರು ಮನೆಯವರೂ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದರು. ಮೂರು ಹೀಟರ್ ಯಾಕೆ ಉರಿಸಬೇಕು? ಕಂಡಕ್ಟರಣ್ಣನ ಮುಂದಿನ ಕೋಣೆ ಚಿಕ್ಕದು, ಚಾವಣಿ ತಗ್ಗು, ಹತ್ತೇ ನಿಮಿಷಕ್ಕೆ ಬೆಚ್ಚಗಾಗುತ್ತದೆ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರ ತನಕ ಎಲ್ಲರೂ ಅಲ್ಲೇ ಇರೋಣ, ಬಿಲ್ಲಿಗೆ ಎಲ್ಲರೂ ಕೈ ಸೇರಿಸೋಣ. ಅದಕ್ಕೆ 'ಬೆಚ್ಚನೆ ಕೋಣೆ' ಅಂತ ಹೆಸರೂ ಬಿತ್ತು. ಕಂಡಕ್ಟರಣ್ಣ ಎಲ್ಲರಿಗೂ ಸೀಟು ಹಂಚಿದರು. ಹೀಟರಿನ ಪಕ್ಕದ್ದು ಹಿರಿಯ ನಾಗರಿಕರ ಸೀಟು, ಅದರಲ್ಲಿ ಅತ್ತೆ ಬಿಟ್ಟು ಇನ್ಯಾರೂ ಕೂರುವಂತಿಲ್ಲ. ಕೂತರೆ ಅತ್ತೆ ಎಬ್ಬಿಸದೆ ಬಿಡುತ್ತಿರಲಿಲ್ಲ.

ಕಂಡಕ್ಟರಣ್ಣ ಲಕೋಟೆ ಹರಿದು ಓದಿದರು. ಓದುತ್ತಾ ಓದುತ್ತಾ ಅವರ ಮೀಸೆ ಜೋತುಬಿತ್ತು.

"ಒಬ್ಬ ವ್ಯಕ್ತಿಯ ಗೃಹಬಳಕೆಗೆ ಮೀರಿದ ಯೂನಿಟ್‌ಗಳು ದಾಖಲಾಗಿರುವುದರಿಂದ ಸದರಿ ಮನೆಯಲ್ಲಿ ವಾಣಿಜ್ಯ ಚಟುವಟಿಕೆ ನಡೆಯುತ್ತಿರುವ ಅನುಮಾನವಿದ್ದು... ಹೀಟರ್ ನೆರವಿನ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಅಲ್ಲಾ ತಂಗಿ, ನಾನು ಫ್ಯಾಕ್ಟರಿ ಇಟ್ಟಿದೀನಂತೆ!"

ಟೈಲರಮ್ಮನ ಯಂತ್ರ ನಿಂತಿತು. ಅವಳು ತನ್ನ ಲಕೋಟೆ ಹರಿದಳು. ಅದರೊಳಗಿನ ಕಾಗದ ಇನ್ನೂ ಗಿಡ್ಡವಾಗಿತ್ತು.

"ಕಳೆದ ಚಳಿಗಾಲದ ಮೂರು ತಿಂಗಳ ಬಳಕೆ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಇರುವುದರಿಂದ, ಸದರಿ ಮನೆಯಲ್ಲಿ ಯಾರೂ ವಾಸವಿರುವುದು ಕಂಡುಬಂದಿರುವುದಿಲ್ಲ."

ಸೋಫಾದ ಮೇಲೆ ನರ್ಸಮ್ಮನ ಗೊರಕೆ ನಡೆದೇ ಇತ್ತು. ಶಾಲಿನೊಳಗಿಂದ ಅತ್ತೆಯ ದನಿ ಬಂತು.

"ಯಾರೂ ವಾಸ ಇಲ್ವಂತಾ? ಹಾಗಾದ್ರೆ ಇಪ್ಪತ್ತೆರಡು ವರ್ಷದಿಂದ ನಿನ್ನ ಜೊತೆ ಜಗಳ ಆಡ್ತಿರೋಳು ಯಾರೇ?"

ಕಂಡಕ್ಟರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೈಲರಮ್ಮನಿಗೂ ನಗು ಬಂತು, ಅರ್ಧ ದಾರಿಗೆ ಬಂದು ನಿಂತುಹೋಯಿತು. ಏಕೆಂದರೆ ಅವಳ ತಲೆಯಲ್ಲಿ ಆಗಲೇ ನಾದಿನಿಯ ಮಾತು ಗುಂಯ್‌ಗುಡುತ್ತಿತ್ತು.

ನಾದಿನಿ ಕೆಟ್ಟವಳಲ್ಲ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಹೋಗೇ ಅಂದುಬಿಡಬಹುದಿತ್ತು. ಬೇರೆ ಊರಿನಲ್ಲಿದ್ದಳು, ಬಿಸಿನೀರು ಹರಿದು ಇಡೀ ಮನೆ ಬೆಚ್ಚಗಿಡುವ ಕೊಳವೆಗಳಿದ್ದ ಮನೆ. ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಹೋದ ಭಾನುವಾರ ಹೇಳಿದ್ದಳು:

"ಅತ್ತಿಗೆ, ನಿಮ್ಮ ತಪ್ಪು ಅಂತ ಹೇಳ್ತಿಲ್ಲ. ಆದ್ರೆ ಹೋದ ವರ್ಷ ಅಮ್ಮ ಹನ್ನೆರಡು ದಿನ ಆಸ್ಪತ್ರೇಲಿ ಮಲಗಿದ್ದು ನಾನು ಮರೆತಿಲ್ಲ. ಡಾಕ್ಟರ್ ಏನಂದ್ರು? ಕಫದ ಎದೆ, ಮಲಗೋ ಕೋಣೆ ಬೆಚ್ಚಗಿರ್ಲೇಬೇಕು ಅಂದ್ರು. ಹಗಲೆಲ್ಲಾ ಕೆಳಗೆ ಕೂತು ರಾತ್ರಿ ಐಸ್ ಪೆಟ್ಟಿಗೇಲಿ ಮಲಗಿದ್ರೆ ಏನು ಬಂತು? ಬರೋ ತಿಂಗಳು ಒಂದನೇ ತಾರೀಕು ಬರ್ತೀನಿ. ಮೇಲೆ ಹೀಟರ್ ಉರೀತಿದ್ರೆ ಟೀ ಕುಡಿದು ವಾಪಸ್ ಹೋಗ್ತೀನಿ. ಇಲ್ಲಾಂದ್ರೆ ಅಮ್ಮನ್ನ ಕರ್ಕೊಂಡು ಹೋಗ್ತೀನಿ."

ಇದಕ್ಕೆ ಏನು ಹೇಳುವುದು? ಸರಿಯಾದ ಮಾತೇ. ಮೇಲಿನ ಮನೆಯ ಹೀಟರಿನ ಎರಡು ಕಡ್ಡಿಯಲ್ಲಿ ಒಂದು ಸತ್ತಿತ್ತು, ಚಾವಣಿಯ ಬಿರುಕಿನಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ನೆರವು ಸಿಕ್ಕಿದರೆ ಹೊಸ ಹೀಟರ್, ಚಾವಣಿ ರಿಪೇರಿ, ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಚೇರಿಯದ್ದೇ. ಸಿಗದಿದ್ದರೆ ಅತ್ತೆ ಹೋಗಬೇಕು.

ಅತ್ತೆಯ ಮಗ, ಅಂದರೆ ಟೈಲರಮ್ಮನ ಗಂಡ, ತೀರಿಹೋಗಿ ಒಂಬತ್ತು ವರ್ಷ. ಆಮೇಲೆ ಈ ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಯಾಕೆ ಉಳಿದರು ಎಂದು ಯಾರೂ ಕೇಳಲಿಲ್ಲ, ಅವರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಬೆಳಗ್ಗೆದ್ದರೆ ಜಗಳ. ಟೀಗೆ ಸಕ್ಕರೆ ಜಾಸ್ತಿ, ರೇಡಿಯೋ ಸದ್ದು ಜಾಸ್ತಿ, ನಿನ್ನ ಮಾತು ಜಾಸ್ತಿ. ಜಗಳ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು, ಊಟ ಮಾತ್ರ ಒಟ್ಟಿಗೇ.

"ಮೇಲ್ಮನವಿ ಹಾಕ್ಬಹುದು ಅಂತ ಕೆಳಗಡೆ ಬರೆದಿದೆ. ಯಾರಾದ್ರೂ ಬಂದು ಮನೆ ನೋಡ್ತಾರಂತೆ," ಅಂದಳು ಟೈಲರಮ್ಮ.

"ಬಂದ್ರೆ ಇದ್ದದ್ದು ಇದ್ದಂಗೆ ಹೇಳಿಬಿಡೋದು," ಅಂದರು ಅತ್ತೆ.

"ಅಯ್ಯೋ ಅಮ್ಮಾವ್ರೇ, ಬಾಯಿ ಬಿಟ್ಟೀರಾ!" ಕಂಡಕ್ಟರಣ್ಣ ಬಾಗಿಲು ಹಾಕಿ ದನಿ ತಗ್ಗಿಸಿದರು. "ಒಂದು ಮೀಟರಲ್ಲಿ ಮೂರು ಮನೆ ನಡೆಸಿದ್ರೆ ಕರೆಂಟೇ ಕಿತ್ತುಹಾಕ್ತಾರೆ. ಡಿಪೋದಲ್ಲಿ ನಮ್ಮ ಚೆಕಿಂಗ್ ಇನ್ಸ್‌ಪೆಕ್ಟರ್ ಹೇಳ್ತಿದ್ರು. ಒಂದು ಟಿಕೆಟಲ್ಲಿ ಮೂರು ಜನ ಕೂತಂಗೆ ಅದು."

ಡಿಪೋದ ಚೆಕಿಂಗ್ ಇನ್ಸ್‌ಪೆಕ್ಟರಿಗೂ ಮನೆಯ ಕರೆಂಟಿಗೂ ಏನು ಸಂಬಂಧ ಎಂದು ಯಾರಿಗೂ ಹೊಳೆಯಲಿಲ್ಲ. ಹೆದರಿದವರ ತಲೆ ಅಷ್ಟೇ ಓಡುತ್ತದೆ. ನಿದ್ದೆಯಲ್ಲಿದ್ದ ನರ್ಸಮ್ಮ ಕೂಡ ಎದ್ದು, ಪೂರ್ತಿ ಕೇಳಿಸಿಕೊಳ್ಳದೆಯೇ "ಹೌದು ಹೌದು, ಹೇಳೋದು ಬೇಡ" ಅಂದು ಮತ್ತೆ ಮಲಗಿದಳು.

ಹೀಗೆ ಶುರುವಾಯಿತು ಆ ನಾಟಕ.

ತಪಾಸಣೆ ಮುಂದಿನ ವಾರ ಗುರುವಾರ ಮೂರು ಗಂಟೆಗೆ ಎಂದು ಫೋನ್ ಬಂತು. ಕೆಲಸ ಎರಡು. ಮೇಲಿನ ಮನೆಯಲ್ಲಿ ಜನ ವಾಸವಿದ್ದಾರೆ ಎಂದು ಕಾಣಬೇಕು. ಕೆಳಗಿನ ಮನೆಯಲ್ಲಿ ಒಬ್ಬನೇ ಗಂಡಸು ವಾಸವಿದ್ದಾನೆ ಎಂದು ಕಾಣಬೇಕು. ಕೇಳಲು ಸುಲಭ. ಆದರೆ ಸಾಮಾನು ಸಾಗಿಸಲು ಹೊರಟಾಗ ಗೊತ್ತಾಯಿತು, ಒಂದು ವರ್ಷದಲ್ಲಿ ಮೇಲಿನ ಮನೆ ಮೆಟ್ಟಿಲು ಇಳಿದು ಪೂರ್ತಿ ಕೆಳಗೆ ಬಂದುಬಿಟ್ಟಿದೆ. ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಅತ್ತೆಯ ರೇಡಿಯೋ, ಅತ್ತೆಯ ಮಾತ್ರೆ ಡಬ್ಬಿ, ಎಣ್ಣೆ, ಬಾಚಣಿಗೆ, ಇಬ್ಬರ ತಟ್ಟೆ, ಇಬ್ಬರ ಲೋಟ. ಕಂಡಕ್ಟರಣ್ಣನ ಸೋಫಾದ ಸಂದಿಯಿಂದಲೇ ಹದಿನಾಲ್ಕು ಗುಂಡುಸೂಜಿ ಸಿಕ್ಕವು.

"ಅದಕ್ಕೇ ನಾನು ಕೂತಾಗೆಲ್ಲಾ ಚುರುಕಾಗಿ ಏಳ್ತಿದ್ದೆ," ಅಂದರು ಕಂಡಕ್ಟರಣ್ಣ. "ವ್ಯಾಯಾಮ ಅಂದ್ಕೊಂಡಿದ್ದೆ."

ಯಂತ್ರ ಹೊರುವಾಗ ಅವರು ಹಿಂದಿನಿಂದ ಕೂಗುತ್ತಿದ್ದರು. "ಹೋಲ್ಡಾನ್! ಸ್ವಲ್ಪ ಎಡಕ್ಕೆ... ರೈಟ್ ರೈಟ್!" ಟೈಲರಮ್ಮ, ನರ್ಸಮ್ಮ ಇಬ್ಬರೇ ಹೊರುತ್ತಿದ್ದರು, ಕಂಡಕ್ಟರಣ್ಣನದು ಬರೀ ರೈಟ್. ಕೊನೆಗೆ ಉಳಿದಿದ್ದು ಕೆಟಲ್. ಇಡೀ ಕಟ್ಟಡಕ್ಕೆ ಒಂದೇ ಕೆಟಲ್ ಇದ್ದದ್ದು. ಅದರ ಹಿಡಿ ಮುರಿದಿದ್ದಕ್ಕೆ ಟೈಲರಮ್ಮ ನೇರಳೆ ಬಟ್ಟೆಯ ಪಟ್ಟಿ ಸುತ್ತಿ ಹೊಲಿದಿದ್ದಳು.

"ಇದು ಎಲ್ಲಿರ್ಬೇಕು?"

"ಎರಡು ಕಡೆನೂ ಇರ್ಬೇಕು," ಅಂದಳು ನರ್ಸಮ್ಮ. "ಆಫೀಸಿನೋರು ಮೊದಲು ಮೇಲೆ ಹೋಗ್ತಾರೆ. ಅಲ್ಲಿ ಟೀ ಕೊಡಿ. ಅವರು ಮುಂದಿನ ಮೆಟ್ಟಿಲಲ್ಲಿ ಇಳೀತಿದ್ದಂಗೆ ನಾನು ಹಿಂದಿನ ಕಬ್ಬಿಣದ ಮೆಟ್ಟಿಲಲ್ಲಿ ಇಳಿದು ಕೆಳಗಿಡ್ತೀನಿ. ಆಸ್ಪತ್ರೇಲಿ ಎರಡು ವಾರ್ಡಿಗೆ ಒಂದೇ ಬಿಪಿ ಮೆಷಿನ್ ಓಡಿಸಿದೋಳು ನಾನು."

ಗುರುವಾರ ಬಂತು. ಮಧ್ಯಾಹ್ನ ಊಟವಾದ ಮೇಲೆ ಟೈಲರಮ್ಮ ಎಂದಿನಂತೆ ಏಳು ಚೀಲ ತುಂಬಿದಳು. ಬಿಸಿನೀರಿನ ರಬ್ಬರ್ ಚೀಲಗಳು. ಹಳೇ ಕೋಟು, ಹಳೇ ಸ್ವೆಟರಿನ ಬಟ್ಟೆಯಿಂದ ಒಂದೊಂದಕ್ಕೂ ಅವಳೇ ಗವಸು ಹೊಲಿದಿದ್ದಳು. ಮಧ್ಯಾಹ್ನ ಒಂದು ಗಂಟೆ ಅತ್ತೆ ತಮ್ಮ ಹಾಸಿಗೆಯಲ್ಲೇ ಅಡ್ಡಾಗುತ್ತಿದ್ದರು, ಆಗೊಮ್ಮೆ. ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ. ಕೆಟಲ್ ಕೆಳಗೆ ಇರುತ್ತಿದ್ದುದರಿಂದ ದಿನಕ್ಕೆ ಎರಡು ಸಲ ಕೆಳಗೆ ಕಾಯಿಸಿ, ಮೇಲೆ ಹೊತ್ತು, ಮತ್ತೆ ಇಳಿದು. ಕಂಡಕ್ಟರಣ್ಣನ ಮನೆಯಲ್ಲೇ ಮಲಗಿ ಅಂದರೆ ಅತ್ತೆ ಒಪ್ಪುತ್ತಿರಲಿಲ್ಲ. "ಅವನ ಗೊರಕೆ ಮೂರನೇ ಮನೆಗೇ ಕೇಳುತ್ತೆ, ಪಕ್ಕದ ಕೋಣೇಲಿ ಮಲಗಿದ್ರೆ ಕಿವಿ ಇರುತ್ತಾ?"

ಎರಡೂ ಮುಕ್ಕಾಲಿಗೆ ಕೆಳಗಿನಿಂದ ಕಂಡಕ್ಟರಣ್ಣನ ಸೀಟಿ ಕೇಳಿಸಿತು. ಆಫೀಸಿನವರು ಕಾಲು ಗಂಟೆ ಮೊದಲೇ ಬಂದಿದ್ದರು. ಟೈಲರಮ್ಮ ಅತ್ತೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಹೀಟರ್ ಚೆನ್ನಾಗಿ ಉರಿಸುತ್ತೇವೆ ಎಂದು ಹೇಳಬೇಕಾದ ಮನೆಯಲ್ಲಿ ಏಳು ಬಿಸಿನೀರಿನ ಚೀಲ ಕಂಡರೆ ಎಡವಟ್ಟು. ಎಲ್ಲವನ್ನೂ ಹಾಸಿಗೆಯ ಮೇಲೆ ಒತ್ತೊತ್ತಾಗಿ ಇಟ್ಟು ರಜಾಯಿ ಎಳೆದಳು. ಮೇಲಿಂದ ದಿಂಬು ಇಟ್ಟಳು.

"ಅತ್ತೆ, ನೀವು ಇಲ್ಲೇ ಕೂತಿರಿ. ಮಾತಾಡ್ಬೇಡಿ. ಏನು ಕೇಳಿದ್ರೂ ಹ್ಞೂಂ ಅನ್ನಿ."

"ನಾನು ಸತ್ತಿದೀನಾ ಅಂತ ಕೇಳಿದ್ರೂ ಹ್ಞೂಂ ಅನ್ಲಾ?"

ತಪಾಸಣೆ ಮೇಡಂ ಸಣ್ಣಗಿದ್ದರು, ದೊಡ್ಡ ಕೋಟು, ಅದಕ್ಕಿಂತ ದೊಡ್ಡ ಬ್ಯಾಗು. ಮೆಟ್ಟಿಲು ಹತ್ತಿ ಉಬ್ಬಸ ಪಡುತ್ತಾ ಬಂದರು. ಮಾತು ಕಡಿಮೆ, ಕಣ್ಣು ಜಾಸ್ತಿ. ಬ್ಯಾಗಿನಿಂದ ತಾಪಮಾಪಕ ತೆಗೆದು ಮೇಜಿನ ಮೇಲಿಟ್ಟು, ಕಾಯುತ್ತಾ ಟೀ ಕುಡಿದರು.

"ಕೆಟಲ್ ಚೆನ್ನಾಗಿದೆ. ಹಿಡಿ ನೀವೇ ಹೊಲಿದಿದ್ದಾ?"

"ಹೌದು ಮೇಡಂ," ಅಂದಳು ಟೈಲರಮ್ಮ, ಹೆಮ್ಮೆಯಿಂದ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಹೋದ ಚಳಿಗಾಲ ನಿಮ್ಮ ಮೀಟರ್ ಓಡಿರೋದು ಒಂದು ಬಲ್ಬಿನಷ್ಟು. ನೀವೆಲ್ಲಾದ್ರೂ ಹೋಗಿದ್ರಾ?"

"ಇಲ್ಲ ಮೇಡಂ, ಇಲ್ಲೇ ಇದ್ವಿ. ನಮಗೆ... ನಮಗೆ ಚಳಿ ಅಷ್ಟಾಗಿ ಆಗಲ್ಲ."

ಅತ್ತೆ ಸರಿಯಾಗಿ ಅದೇ ಹೊತ್ತಿಗೆ ನಾಲ್ಕು ಸಲ ಕೆಮ್ಮಿದರು.

ತಾಪಮಾಪಕ ಹನ್ನೊಂದು ಡಿಗ್ರಿ ತೋರಿಸಿತು. ಹೀಟರಿನ ಒಂದು ಕಡ್ಡಿ ಕೆಂಪಗೆ, ಒಬ್ಬಂಟಿಯಾಗಿ ಉರಿಯುತ್ತಿತ್ತು. ಮೇಡಂ ಕೋಣೆಯ ಸುತ್ತ ನೋಡಿದರು. ಗೋಡೆಯ ಕ್ಯಾಲೆಂಡರ್ ಹೋದ ವರ್ಷದ ಚಳಿಗಾಲದ ತಿಂಗಳಲ್ಲೇ ನಿಂತಿತ್ತು. ಹೊಲಿಗೆ ಯಂತ್ರವಿತ್ತು, ಆದರೆ ಅದರ ಕೆಳಗೆ ಒಂದು ತುಂಡು ನೂಲೂ ಬಿದ್ದಿರಲಿಲ್ಲ. ಸಿಂಕು ಒಣಗಿತ್ತು. ಅವರು ಏನನ್ನೋ ಬರೆದರು. ಬರೆಯುವ ಕೈ ನಿಧಾನವಾಗಿತ್ತು, ಬರೆಯಲು ಮನಸ್ಸಿಲ್ಲದವರ ಹಾಗೆ.

"ಅಜ್ಜಿ, ನಿಮ್ಮ ಕನ್ನಡಕ ಎಲ್ಲಿ? ಮೂಗಿನ ಮೇಲೆ ಗುರುತಿದೆ."

ಕನ್ನಡಕ! ಅದೊಂದು ಕೆಳಗೇ ಉಳಿದಿತ್ತು, ರೇಡಿಯೋ ಇಡುವ ಜಾಗದಲ್ಲಿ. ಅತ್ತೆ ಸೊಸೆಯ ಮುಖ ನೋಡಿದರು.

"ಹ್ಞೂಂ," ಅಂದರು.

ಮೇಡಂ ಕೆಳಗಿಳಿಯಲು ಹೊರಟರು. ಟೈಲರಮ್ಮ ಅವರ ಹಿಂದೆ, ಆದಷ್ಟು ನಿಧಾನ ಮಾಡಿಸುತ್ತಾ. ಈ ಮೆಟ್ಟಿಲು ಜಾರುತ್ತೆ ಮೇಡಂ, ಆ ಮೆಟ್ಟಿಲು ಸ್ವಲ್ಪ ಎತ್ತರ ಮೇಡಂ. ಹಿಂದುಗಡೆಯಿಂದ ಕಬ್ಬಿಣದ ಮೆಟ್ಟಿಲ ಮೇಲೆ ಧಡ್ ಧಡ್ ಧಡ್ ಅಂತ ಸದ್ದು.

"ಅದೇನು?"

"ಗಾಳಿ ಮೇಡಂ."

ಕಂಡಕ್ಟರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬನ್ನಿ ಬನ್ನಿ, ಮುಂದೆ ಬನ್ನಿ, ಒಳಗಡೆ ಜಾಗ ಇದೆ!" ಕೋಣೆ ಹಿತವಾಗಿ ಬೆಚ್ಚಗಿತ್ತು. ಮೇಡಂ ಒಳಗೆ ಬಂದವರೇ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡು, ಕೋಟಿನ ಗುಂಡಿ ಬಿಚ್ಚಿ, ನೇರವಾಗಿ ಹೋಗಿ ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂತರು. ಟೈಲರಮ್ಮ, ಕಂಡಕ್ಟರಣ್ಣ ಮುಖ ಮುಖ ನೋಡಿಕೊಂಡರು. ಯಾರೂ ಏನೂ ಹೇಳುವ ಹಾಗಿಲ್ಲ.

"ಒಬ್ಬರೇ ಇರೋದಾ?"

"ಒಬ್ಬನೇ ಮೇಡಂ. ಒಂಟಿ ಸೀಟು."

"ಟೀ ಮಾಡ್ಕೊಳ್ತೀರಾ?"

"ಮಾಡ್ಕೊಳ್ತೀನಿ ಮೇಡಂ, ಇಗೋ ನನ್ನ ಕೆಟಲ್!" ಅಡುಗೆಮನೆಯಿಂದ ಹೆಮ್ಮೆಯಿಂದ ಎತ್ತಿ ತಂದರು. ನೇರಳೆ ಹಿಡಿ. ಹಿಂದೆಯೇ ಅಡುಗೆಮನೆಯ ಬಾಗಿಲಲ್ಲಿ ನರ್ಸಮ್ಮ, ಏದುಸಿರು ಬಿಡುತ್ತಾ, ಗೋಡೆಗೆ ಒರಗಿ, ಒಂದೇ ಕಾಲಲ್ಲಿ ಚಪ್ಪಲಿ.

ಮೇಡಂ ಕೆಟಲ್ ಮುಟ್ಟಿ ನೋಡಿದರು. ಬಿಸಿಯಿತ್ತು. ಟೈಲರಮ್ಮನನ್ನು ನೋಡಿದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲಾ ಹೋಯಿತು. ಒಂದನೇ ತಾರೀಕಿಗೆ ಇನ್ನು ಹತ್ತೊಂಬತ್ತು ದಿನ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ಕೆಮ್ಮು, ಇನ್ನೊಂದು ಹೆಜ್ಜೆ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಮೇಲೆ ಹನ್ನೊಂದು ಡಿಗ್ರಿಯಲ್ಲಿ ಬಾಯಿ ಮುಚ್ಚಿ ಕೂರುವುದಕ್ಕೂ ಒಂದು ಮಿತಿ ಇದೆಯಲ್ಲ. ಕೋಣೆಯನ್ನೆಲ್ಲಾ ನೋಡಿ, ಕೊನೆಗೆ ಹೀಟರಿನ ಪಕ್ಕ ಕಣ್ಣು ನೆಟ್ಟರು.

"ಏಳಮ್ಮ. ಅದು ನನ್ನ ಸೀಟು."

"ಅತ್ತೆ!"

"ಏನೇ ಅತ್ತೆ? ಆಫೀಸಿನೋರಾದ್ರೆ ಆಫೀಸಲ್ಲಿ. ಇಲ್ಲಿ ಹಿರಿಯ ನಾಗರಿಕರ ಸೀಟು. ಬೇಕಾದ್ರೆ ಕಂಡಕ್ಟರಪ್ಪನ್ನ ಕೇಳು."

ಮೇಡಂ ಎದ್ದು ನಿಂತರು. ಅತ್ತೆ ಕೂತರು, ಕೈ ಚಾಚಿ ರೇಡಿಯೋ ಇಡುವ ಜಾಗದಿಂದ ಕನ್ನಡಕ ತೆಗೆದು ಹಾಕಿಕೊಂಡರು, ಕಾಲನ್ನು ಹೀಟರಿನ ಕಡೆ ಚಾಚಿದರು. ಆ ಕುರ್ಚಿಯ ಹತ್ತಿಯಲ್ಲಿ ಅತ್ತೆಯ ಬೆನ್ನಿನ ಆಕಾರದ ತಗ್ಗೇ ಇತ್ತು, ಅಳತೆ ತೆಗೆದು ಹೊಲಿದ ಹಾಗೆ.

"ಎಷ್ಟು ದಿನದಿಂದ ಇದು ನಿಮ್ಮ ಸೀಟು ಅಜ್ಜಿ?" ಮೇಡಂ ಕೇಳಿದರು.

"ಹೋದ ಚಳಿಗಾಲದಿಂದ. ಇವಳು ಅಲ್ಲಿ, ಕಿಟಕಿ ಹತ್ರ, ಹೊಲೀತಾಳೆ. ಈ ನರ್ಸಮ್ಮ ಸೋಫಾದಲ್ಲಿ ಗೊರಕೆ ಹೊಡೀತಾಳೆ. ಈ ಕಂಡಕ್ಟರಪ್ಪ ಎಲ್ಲರ ತಲೆ ತಿನ್ನುತ್ತಾನೆ. ಕರೆಂಟಿಗೆ ಎಲ್ಲರೂ ಕೊಡ್ತಾರೆ. ಈಗ ಅವನ ಕರೆಂಟ್ ಕೀಳೋದಾದ್ರೆ ನನ್ನನ್ನೇ ಮೊದಲು ಕೀಳಿ."

ಕಂಡಕ್ಟರಣ್ಣ ತಲೆ ತಗ್ಗಿಸಿದರು. "ತಪ್ಪು ನಂದು ಮೇಡಂ. ಇವರನ್ನೆಲ್ಲಾ ಹತ್ತಿಸಿಕೊಂಡಿದ್ದು ನಾನೇ. ದಂಡ ನನಗೇ ಹಾಕಿ."

"ಯಾವ ದಂಡ?"

"ಒಂದು ಮೀಟರು, ಮೂರು ಮನೆ..."

"ಪಕ್ಕದ ಮನೇಲಿ ಬಂದು ಕೂತ್ಕೊಳ್ಳೋಕೆ ದಂಡ ಹಾಕೋ ಕಾನೂನು ಎಲ್ಲೂ ಇಲ್ಲ ಅಣ್ಣ." ಮೇಡಂಗೆ ನಗು ತಡೆಯಲಾಗಲಿಲ್ಲ. ಆದರೂ ಬೇಗ ತಡೆದುಕೊಂಡರು. "ನಿಮ್ಮದು ಸುಲಭ. ಬಳಕೆ ಯಾಕೆ ಜಾಸ್ತಿ ಅಂತ ಬರೆದ್ರೆ ಆಯ್ತು. ಹೊಲಿಗೆ ಯಂತ್ರ ಕಾಲಲ್ಲಿ ತುಳಿಯೋದು, ಅದಕ್ಕೆ ಕರೆಂಟೇ ಬೇಡ. ಕಷ್ಟ ಇರೋದು ಮೇಲಿನ ಮನೇದು. ಹೀಟರಿನ ನೆರವು ಮಲಗೋ ಮನೆಗೆ ಸಿಗೋದು. ಮೇಲೆ ನೋಡಿದ್ರೆ, ನಿಜ ಹೇಳ್ತೀನಿ, ಅಲ್ಲಿ ಯಾರೂ ಇರೋ ಹಾಗೆ ಕಾಣಲಿಲ್ಲ. ಎಲ್ಲಾ ನಿನ್ನೆ ತಂದಿಟ್ಟ ಹಾಗಿದೆ. ನಾನು ನೋಡಿದ್ದನ್ನೇ ಬರೀಬೇಕು. ನೀವು ಹೇಳಿದ್ದನ್ನ ಬರೆಯೋ ಹಾಗಿಲ್ಲ."

ಟೈಲರಮ್ಮ ತಾನೇ ಮೂರು ದಿನ ಬೆವರು ಸುರಿಸಿ ಜೋಡಿಸಿದ್ದ ಸಾಮಾನು, ಅದೇ ಈಗ ತನ್ನ ವಿರುದ್ಧ ಸಾಕ್ಷಿ. ಕಡೆಗೆ ಸುಳ್ಳು ಸಾಕಾಯಿತು ಅವಳಿಗೆ.

"ಮೇಡಂ, ಒಂದನೇ ತಾರೀಕೊಳಗೆ ಮೇಲೆ ಬೆಚ್ಚಗಾಗದಿದ್ರೆ ನಮ್ಮತ್ತೆ ಮಗಳ ಮನೆಗೆ ಹೋಗ್ತಾರೆ. ಹೋಗೋದು ತಪ್ಪಲ್ಲ. ಅಲ್ಲಿ ಚೆನ್ನಾಗಿರುತ್ತೆ. ಆದ್ರೆ..." ಆದರೆ ಏನು ಎಂದು ಅವಳಿಗೆ ಹೇಳಲು ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹೇಳಿ ಅಭ್ಯಾಸವಿಲ್ಲ. "ಆದ್ರೆ ಇವರಿಗೆ ಟೀಗೆ ಎಷ್ಟು ಸಕ್ಕರೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ."

"ನಿನಗೆ ಮಾತ್ರ ಗೊತ್ತಿದೆಯಾ? ದಿನಾ ಜಾಸ್ತಿ ಹಾಕ್ತೀಯ," ಅಂದರು ಅತ್ತೆ.

ಅತ್ತೆ ಕಾಲು ಕೆಳಗಿಳಿಸಿ ಎದ್ದರು. "ಚೀಲ ತೋರ್ಸೇ."

"ಯಾವ ಚೀಲ?" ಅಂದರು ಮೇಡಂ.

"ಹಾಸಿಗೇಲಿ ಬಚ್ಚಿಟ್ಟಿದಾಳೆ, ದೊಡ್ಡ ಬುದ್ಧಿವಂತೆ."

ಎಲ್ಲರೂ ಮತ್ತೆ ಮೇಲೆ ಹತ್ತಿದರು. ಅತ್ತೆ ಕೂಡ, ಸೊಸೆಯ ಭುಜ ಹಿಡಿದುಕೊಂಡು. ಟೈಲರಮ್ಮ ದಿಂಬು ತೆಗೆದು ರಜಾಯಿ ಸರಿಸಿದಳು. ಒಂದಕ್ಕೊಂದು ಒತ್ತಿಕೊಂಡು ಮಲಗಿದ ಬೆಕ್ಕಿನ ಮರಿಗಳ ಹಾಗೆ ಏಳು ಚೀಲ. ಕಂದು, ಬೂದು, ಚೌಕಳಿ, ಪಟ್ಟೆ ಪಟ್ಟೆ. ಮೇಡಂ ಬಗ್ಗಿ ಹಾಸಿಗೆಯೊಳಗೆ ಕೈಯಿಟ್ಟರು. ಹನ್ನೊಂದು ಡಿಗ್ರಿಯ ಆ ಕೋಣೆಯಲ್ಲಿ ಅದೊಂದೇ ಜಾಗ ಬೆಚ್ಚಗಿತ್ತು. ಅವರು ಕೈ ಹಾಗೇ ಬಿಟ್ಟರು, ತೆಗೆಯಲೇ ಇಲ್ಲ.

ಅತ್ತೆ ಮದುವೆಮನೆಯಲ್ಲಿ ನೆಂಟರನ್ನು ಪರಿಚಯಿಸುವ ಹಾಗೆ ಶುರುಮಾಡಿದರು. "ಇವೆರಡು ಪಾದಕ್ಕೆ. ಇದು ಮಂಡಿಗೆ, ಸ್ವಲ್ಪ ಸೋರುತ್ತೆ, ಆದ್ರೂ ಇರ್ಲಿ ಅಂತ ಇಟ್ಕೊಂಡಿದೀವಿ. ಈ ದಪ್ಪನೇದು ಬೆನ್ನಿಗೆ. ಇವೆರಡು ಅಕ್ಕಪಕ್ಕ."

"ಇದು?" ಮೇಡಂ ಒಂದು ನೀಲಿ ಚೀಲ ಎತ್ತಿದರು. ಗಂಡಸಿನ ಸ್ವೆಟರಿನ ತೋಳಿನಿಂದ ಹೊಲಿದದ್ದು, ಮಣಿಕಟ್ಟಿನ ಪಟ್ಟಿ ಹಾಗೇ ಇತ್ತು.

"ಅದು ಎದೆ ಹತ್ರ," ಅಂದರು ಅತ್ತೆ. ಟೈಲರಮ್ಮ ಕಿಟಕಿಯ ಕಡೆ ತಿರುಗಿದಳು.

"ದಿನಾ ತುಂಬ್ತೀರಾ?"

"ಎರಡು ಸಲ ಮೇಡಂ. ಮಧ್ಯಾಹ್ನ ಒಂದ್ಸಲ, ರಾತ್ರಿ ಒಂದ್ಸಲ."

"ಕೆಟಲ್ ಕೆಳಗಿರುತ್ತಲ್ಲ?"

"ಹೊತ್ಕೊಂಡು ಬರ್ತೀನಿ. ಒಂದು ಸಲಕ್ಕೆ ಎರಡೇ ಚೀಲ ತುಂಬುತ್ತೆ."

ಮೇಡಂ ಬೆರಳು ಮಡಿಸಿ ಏನೋ ಲೆಕ್ಕ ಹಾಕಲು ಹೊರಟವರು ಅರ್ಧಕ್ಕೇ ಬಿಟ್ಟರು. ನಾಲ್ಕು ಸಲ ಮೇಲೆ, ನಾಲ್ಕು ಸಲ ಕೆಳಗೆ, ದಿನಕ್ಕೆರಡು ಹೊತ್ತು, ಇಡೀ ಚಳಿಗಾಲ. ಅವರು ಈಗಷ್ಟೇ ಎರಡು ಸಲ ಹತ್ತಿ ಸುಸ್ತಾಗಿದ್ದರು. ಹಾಸಿಗೆಯ ಅಂಚಿನಲ್ಲಿ ಕೂತು, ಹಿಂದೆ ಬರೆದಿದ್ದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಹೊಸ ಹಾಳೆಯಲ್ಲಿ ಬರೆಯತೊಡಗಿದರು. ಈ ಸಲ ಕೈ ಬೇಗ ಬೇಗ ಓಡಿತು. ಬರೆದದ್ದನ್ನು ಓದಿಯೂ ಹೇಳಿದರು.

"ಸದರಿ ಮನೆಯಲ್ಲಿ ಇಬ್ಬರು ವಾಸವಿರುತ್ತಾರೆ. ಹಾಸಿಗೆ ಬಿಸಿಯಾಗಿರುವುದನ್ನು ಖುದ್ದು ಮುಟ್ಟಿ ಪರಿಶೀಲಿಸಲಾಗಿದೆ. ಕೋಣೆಯ ಉಷ್ಣಾಂಶ ಹನ್ನೊಂದು. ಹಿರಿಯರಿಗೆ ಕಫದ ತೊಂದರೆ. ಹಗಲಿನ ಬಳಕೆ ಕೆಳಗಿನ ಮನೆಯ ಮೀಟರಿನಲ್ಲಿ ಸೇರಿರುತ್ತದೆ. ತುರ್ತು."

"ಜಗಳ ಆಡ್ತಾರೆ ಅಂತ್ಲೂ ಬರೀರಿ," ಅಂದರು ಅತ್ತೆ. "ಖಾಲಿ ಮನೇಲಿ ಜಗಳ ಆಗಲ್ಲ."

"ಅದಕ್ಕೆ ಕಾಲಂ ಇಲ್ಲ ಅಜ್ಜಿ." ಮೇಡಂ ಬ್ಯಾಗು ಮುಚ್ಚಿ ಎದ್ದರು. ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು, "ಒಂದು ಮಾತು. ಹೊಸ ಹೀಟರ್ ಬಂದ ಮೇಲೆ ದಯವಿಟ್ಟು ಉರಿಸಿ. ಉಳಿತಾಯ ಅಂತ ಆರಿಸಿಟ್ಟು ಕೆಳಗೆ ಹೋಗಿ ಕೂತ್ರೆ ಮುಂದಿನ ವರ್ಷ ಮತ್ತೆ ನೀವು ಮಾಯ ಆಗ್ತೀರಿ. ಆಗ ನಾನು ಮತ್ತೆ ಈ ಮೆಟ್ಟಿಲು ಹತ್ಬೇಕಾಗುತ್ತೆ."

"ರೈಟ್ ರೈಟ್!" ಅಂದರು ಕಂಡಕ್ಟರಣ್ಣ, ಮೆಟ್ಟಿಲಿನಿಂದ.

ಮಂಜೂರಾತಿಯ ಕಾಗದ ಹತ್ತನೇ ದಿನಕ್ಕೆ ಬಂತು, ಎರಡು ಮನೆಗೂ. ಅದಾಗಿ ಮೂರು ದಿನಕ್ಕೆ ಇಬ್ಬರು ಕೆಲಸಗಾರರು ಬಂದು ಚಾವಣಿಯ ಬಿರುಕಿಗೆ ಪದರ ಹಾಕಿ, ಸಿಳ್ಳೆಯ ಬಾಯಿ ಮುಚ್ಚಿಸಿದರು. ಹೀಟರ್ ಮಾತ್ರ ನಾಳೆ ನಾಳೆ ಅನ್ನುತ್ತಾ ತಿಂಗಳ ಕೊನೆಯ ದಿನ ಮಧ್ಯಾಹ್ನ ಬಂತು. ಅಷ್ಟರೊಳಗೆ ಟೈಲರಮ್ಮ ಮೂರು ಸಲ ಒಂದೇ ಪ್ಯಾಂಟಿನ ಒಂದೇ ಕಾಲನ್ನು ಗಿಡ್ಡ ಮಾಡಿ ಬಿಚ್ಚಿದ್ದಳು.

ಒಂದನೇ ತಾರೀಕು ನಾದಿನಿ ಬಂದಳು. ಕೈಯಲ್ಲಿ ಖಾಲಿ ಸೂಟ್‌ಕೇಸು, ಅಮ್ಮನ ಬಟ್ಟೆ ತುಂಬಲು. ಬಾಗಿಲು ತೆರೆದರೆ ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಕಂಡಕ್ಟರಣ್ಣ ಹೀಟರಿನಿಂದ ದೂರದ ಸ್ಟೂಲಿನ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ವಾರದಲ್ಲಿ ಮೂರು ದಿನ ಬೆಚ್ಚನೆ ಕೋಣೆ ಮೇಲಿನ ಮನೆಯಲ್ಲೇ ಎಂದು ತೀರ್ಮಾನವಾಗಿತ್ತು, ಇಲ್ಲಿ ಸೀಟು ಹಂಚುವವರು ಅತ್ತೆ.

"ಏನಣ್ಣ, ಇಲ್ಲಿ ಕೂತಿದೀರಿ?" ನಾದಿನಿ ಕೇಳಿದಳು.

"ಏನು ಮಾಡೋದು ತಾಯಿ. ನಿಮ್ಮಮ್ಮ ನನಗೆ ಸ್ಟ್ಯಾಂಡಿಂಗೇ ಅಂತಿದ್ರು, ಕಾಡಿ ಬೇಡಿ ಈ ಸ್ಟೂಲ್ ತಗೊಂಡೆ."

ನಾದಿನಿ ಹೀಟರಿನ ಮುಂದೆ ಕೈಯಿಟ್ಟಳು, ಗೋಡೆ ಮುಟ್ಟಿದಳು, ಅಮ್ಮನ ಪಾದ ಮುಟ್ಟಿದಳು. ಟೀ ಕುಡಿದಳು. ಹೇಳಿದ ಮಾತಿನ ಹಾಗೆ ಎದ್ದಳು. ಹೊರಡುವಾಗ ಅತ್ತಿಗೆಯ ಕೈ ಹಿಡಿದು ಒಂದು ಸಲ ಗಟ್ಟಿಯಾಗಿ ಒತ್ತಿದಳು. ಸೂಟ್‌ಕೇಸು ಖಾಲಿ ಹೋಗಲಿಲ್ಲ. ಅವಳ ಮನೆಯವರೆಲ್ಲರ ಗುಂಡಿ ಹೋದ ಅಂಗಿಗಳನ್ನು ಹೇಗೂ ಬರುತ್ತಿದ್ದೇನಲ್ಲ ಅಂತ ಇನ್ನೊಂದು ಚೀಲದಲ್ಲಿ ತಂದಿದ್ದಳು. ಟೈಲರಮ್ಮ ಅವನ್ನು ಇಳಿಸಿಕೊಂಡು, ಹೋದ ಸಲ ಕೊಟ್ಟಿದ್ದು ಹೊಲಿದಿಟ್ಟವನ್ನೆಲ್ಲಾ ಸೂಟ್‌ಕೇಸಿಗೆ ತುಂಬಿ ಕಳಿಸಿದಳು.

ಅವಳು ಹೋದ ಮೇಲೆ ಕಂಡಕ್ಟರಣ್ಣ ಕೆಟಲ್ ಎತ್ತಿಕೊಂಡು ತಮ್ಮ ಮನೆಗೆ ಇಳಿದರು, ಅತ್ತೆ ಮಧ್ಯಾಹ್ನದ ನಿದ್ದೆಗೆ ಅಡ್ಡಾದರು. ಟೈಲರಮ್ಮ ಏಳು ಚೀಲದ ನೀರು ಚೆಲ್ಲಿ, ಒರೆಸಿ, ಟ್ರಂಕಿನಲ್ಲಿ ಜೋಡಿಸತೊಡಗಿದಳು. ಕೋಣೆ ಇಪ್ಪತ್ತು ಡಿಗ್ರಿ. ಇನ್ನು ಇವು ಯಾಕೆ?

"ಏನೇ ಮಾಡ್ತಿದೀಯ?" ಹಾಸಿಗೆಯಿಂದ ದನಿ.

"ಚೀಲ ಒಳಗಿಡ್ತಿದೀನಿ ಅತ್ತೆ. ಇನ್ನು ಬೇಡವಲ್ಲ."

"ಏಳೂ ಇಡ್ತೀಯಾ?"

"ಏಳೂ."

ಅತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಾ ಹೇಳಿದರು.

"ಒಂದು ಬಿಡೇ. ಆ ನೀಲಿದು. ಒಮ್ಮೆಗೇ ಮೆಟ್ಟಿಲು ಹತ್ತೋದು ನಿಲ್ಲಿಸಿದ್ರೆ ನಿನ್ನ ಮಂಡಿ ಹಿಡ್ಕೊಳ್ಳುತ್ತೆ. ಆಮೇಲೆ ನಿನ್ನನ್ನ ನೋಡ್ಕೊಳ್ಳೋರು ಯಾರು, ನಾನೇ ತಾನೇ?"

ಟೈಲರಮ್ಮ ನೀಲಿ ಚೀಲ ಎತ್ತಿಕೊಂಡು ಕೆಟಲಿಗಾಗಿ ಕೆಳಗಿಳಿದಳು.